ಬಕೆಟ್ಟಿನಲ್ಲಿ ಬಂದ ಕ್ಯಾಮೆರಾ

ಬೆಳಿಗ್ಗೆ ಒಂಬತ್ತೂವರೆಗೆ ರಿಪೇರಿ ವಿಭಾಗದ ಬಾಗಿಲು ತೆರೆದದ್ದೇ ತಡ, ಬೋಳುತಲೆಯ ಯಜಮಾನರೊಬ್ಬರು ಎರಡೂ ಕೈಯಲ್ಲಿ ಬಕೆಟ್ ಹಿಡಿದು, ಹೆಜ್ಜೆ ಎಣಿಸುತ್ತ ಒಳಗೆ ಬಂದರು. ನೀಲಿ ಪ್ಲಾಸ್ಟಿಕ್ ಬಕೆಟ್. ಅದರ ಬಾಯಿಗೆ ಒದ್ದೆ ಟವೆಲ್ ಕಟ್ಟಿತ್ತು. ಪ್ಯಾಂಟು ಮೊಣಕಾಲಿನ ತನಕ ನೆನೆದಿತ್ತು, ಶೂ ಪಚಪಚ ಎನ್ನುತ್ತಿತ್ತು.

"ಏನ್ ಸ್ವಾಮಿ ಅದು, ಮೀನಾ?" ಎಂದ ಕಾವಲುಗಾರ.

"ಮೀನಲ್ಲಪ್ಪಾ, ಕ್ಯಾಮೆರಾ."

"ಕ್ಯಾಮೆರಾನ ನೀರಲ್ಲಿ ನೆನೆಹಾಕ್ಕೊಂಡು ಬಂದಿದ್ದೀರಾ?"

"ನಿಮ್ಮ ಕಂಪನಿಯವರೇ ಹಾಗೆ ಮಾಡಿ ಅಂತ ಬರೆದಿದ್ದಾರೆ. ನಾನೇನೂ ಸ್ವಂತ ಬುದ್ಧಿ ಓಡಿಸಿಲ್ಲ." ಯಜಮಾನರು ಬಕೆಟ್ಟನ್ನು ಮೇಜಿನ ಮೇಲಿಟ್ಟು, ಜೇಬಿನಿಂದ ಅಂಗೈಯಗಲದ ಚೀಟಿ ತೆಗೆದು ಮುಂದೆ ಹಿಡಿದರು.

ಗಾಜಿನ ಗೋಡೆಯ ಆಚೆ ಕೂತು ಕ್ಯಾಮೆರಾಗಳಿಗೆ ರಬ್ಬರ್ ಉಂಗುರ ಕೂರಿಸುತ್ತಿದ್ದ ಉಂಗುರದಕ್ಕನ ಕಿವಿಗೆ ಈ ಮಾತು ಬಿತ್ತು. ಕೈಯಲ್ಲಿದ್ದ ಚಿಮಟ ಕೆಳಗಿಟ್ಟು ಎದ್ದಳು. ಆ ಚೀಟಿಯನ್ನು ಬರೆದವಳೇ ಅವಳು. "ನೀರು ಹೊಕ್ಕರೆ ತೆರೆಯಬೇಡಿ. ಒಣಗಿಸಬೇಡಿ. ಸಿಹಿನೀರಿನಲ್ಲಿ ಮುಳುಗಿಸಿ, ಹಾಗೆಯೇ ತನ್ನಿ." ಹನ್ನೊಂದು ವರ್ಷದಿಂದ ಪ್ರತಿ ಕ್ಯಾಮೆರಾದ ಜೊತೆಗೂ ಆ ಚೀಟಿ ಹೋಗುತ್ತಿತ್ತು. ಅದನ್ನು ಓದಿ, ಓದಿದ ಹಾಗೆ ಮಾಡಿದ ಮೊದಲ ಮನುಷ್ಯ ಇವತ್ತು ಬಂದಿದ್ದ.

ಉಳಿದವರ ಕಥೆ ಕೇಳಬೇಡಿ. ಒಬ್ಬ ಮಹಾರಾಯ ಮೂರು ದಿನ ಬಿಸಿಲಿಗಿಟ್ಟು ತಂದಿದ್ದ. ಇನ್ನೊಬ್ಬಾಕೆ ತಲೆಗೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿದ್ದಳು. ಮತ್ತೊಬ್ಬ ಒಲೆಯ ಪಕ್ಕ ಬೆಚ್ಚಗೆ ಮಲಗಿಸಿ, ಕೊನೆಗೆ ಒಂದು ಹಿಡಿ ತುಕ್ಕಿನ ಪುಡಿ ತಂದುಕೊಟ್ಟು "ಏನಾದ್ರೂ ಮಾಡಿ ಅಕ್ಕ" ಎಂದಿದ್ದ. ಪ್ರೀತಿ ಹೆಚ್ಚಾದಷ್ಟೂ ಹಾಳು ಹೆಚ್ಚು. ಉಪ್ಪುನೀರು ಕುಡಿದ ಕಬ್ಬಿಣಕ್ಕೆ ಗಾಳಿ ತಾಗಿದರೆ ತುಕ್ಕು ಮೈ ಕೊಡವಿಕೊಂಡು ಏಳುತ್ತದೆ. ಸಿಹಿನೀರಿನಲ್ಲೇ ಮುಳುಗಿಸಿಟ್ಟರೆ ಸ್ವಲ್ಪ ದಿನ ತೆಪ್ಪಗಿರುತ್ತದೆ. ಇಷ್ಟು ಸಣ್ಣ ಮಾತು ಜನರ ತಲೆಗೆ ಹೋಗುವುದಿಲ್ಲ. ಒದ್ದೆಯಾದದ್ದನ್ನು ಒಣಗಿಸದೆ ಇರಲು ಯಾರ ಕೈಲೂ ಆಗುವುದಿಲ್ಲ.

"ಎಷ್ಟು ಹೊತ್ತಾಯ್ತು ನೀರು ಹೊಕ್ಕು?" ಅಕ್ಕ ಟವೆಲ್ ಬಿಚ್ಚುತ್ತಲೇ ಕೇಳಿದಳು.

"ಮೊನ್ನೆ ಮಧ್ಯಾಹ್ನ. ಮೊದಲು ಉಪ್ಪೆಲ್ಲ ಹೋಗೋ ಹಾಗೆ ಆರು ಸಲ ನೀರು ಬದಲಾಯಿಸಿದೆ. ರೈಲಿನಲ್ಲಿ ತೊಡೆ ಮೇಲೆ ಇಟ್ಕೊಂಡು ಕೂತೆ. ದೊಡ್ಡ ಸ್ಟೇಷನ್ ಬಂದಾಗೆಲ್ಲ ಇಳಿದು ನಲ್ಲಿ ನೀರು ತುಂಬಿಸ್ಕೊಂಡೆ. ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಹೋದ್ರು."

ಅಕ್ಕನಿಗೆ ಆ ಮನುಷ್ಯನನ್ನು ಅಲ್ಲೇ ಅಪ್ಪಿಕೊಳ್ಳಬೇಕು ಅನ್ನಿಸಿತು. ನೀರಿನ ತಳದಲ್ಲಿ ಒಂದು ಮೀನು ಮಾರ್ಕಿನ ಕ್ಯಾಮೆರಾ ಅಂಗಾತ ಮಲಗಿತ್ತು. ಹಳೆಯ ಮಾದರಿ, ಮೂಲೆಗಳಲ್ಲಿ ಕಪ್ಪು ಬಣ್ಣ ಸವೆದು ಲೋಹ ಹೊಳೆಯುತ್ತಿತ್ತು.

ಮೀನು ಮಾರ್ಕು ಎಂದರೆ ಏನೆಂದು ಇಲ್ಲಿ ಎರಡು ಮಾತು ಹೇಳಬೇಕು. ಸಮುದ್ರದೊಳಗಿನ ಚಿತ್ರ ತೆಗೆಯುವುದು ಹಿಂದೆ ಬಹಳ ಬಡಿವಾರದ ಕೆಲಸವಾಗಿತ್ತು. ನೆಲದ ಕ್ಯಾಮೆರಾವನ್ನು ಹಿತ್ತಾಳೆಯ ದೊಡ್ಡ ಪೆಟ್ಟಿಗೆಯಲ್ಲಿ ಕೂರಿಸಿ, ಹಗ್ಗ ಕಟ್ಟಿ, ನಾಲ್ಕು ಜನ ಹಿಡಿದು ಇಳಿಸಬೇಕಿತ್ತು. ಸ್ವಂತ ಹಡಗು, ಆಳುಕಾಳು ಇದ್ದವರಿಗೆ ಮಾತ್ರ ಆ ವೈಭೋಗ. ಮೀನು ಮಾರ್ಕಿನವರು ಆ ಪೆಟ್ಟಿಗೆಯನ್ನೇ ಎತ್ತಿ ಬಿಸಾಕಿದರು. ಕ್ಯಾಮೆರಾವೇ ನೀರಿಗಿಳಿಯಲಿ ಎಂದರು. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು ಮಾಡಿ, ಸಂದುಗೊಂದುಗಳಿಗೆಲ್ಲ ಒಟ್ಟು ಏಳು ರಬ್ಬರಿನ ಉಂಗುರ ತೊಡಿಸಿದರು. ಆಮೇಲೆ ನೀರಿಗೆಂದೇ ಒಂದು ಮಸೂರ ಉಜ್ಜಿದರು. ನೀರಿನಲ್ಲಿ ಎಲ್ಲವೂ ಇರುವುದಕ್ಕಿಂತ ಹತ್ತಿರ, ಇರುವುದಕ್ಕಿಂತ ದಪ್ಪ ಕಾಣುತ್ತದಲ್ಲ, ಆ ಮೋಸವನ್ನು ಲೆಕ್ಕಕ್ಕೆ ಹಿಡಿದು ಮಾಡಿದ ಮಸೂರ. ನೀರಲ್ಲಿ ಕಣ್ಣು ಬಿಟ್ಟರೆ ಎಲ್ಲ ನಿಚ್ಚಳ. ದಡದ ಮೇಲೆ ಎಲ್ಲ ಮಸುಕು. ಇಂಥದ್ದನ್ನು ಮೊದಲು ಮಾಡಿದ್ದು ನಾವೇ ಎಂದು ಕಂಪನಿ ಹೇಳಿಕೊಳ್ಳುತ್ತದೆ. ಅಲ್ಲ ಎನ್ನುವವರೂ ಇದ್ದಾರೆ, ಅದು ಅವರವರ ಜಗಳ. ಮಾಡಿದ ಮೇಲೆ ಏನಾಯಿತೋ ಅದನ್ನು ಮಾತ್ರ ಯಾರೂ ಅಲ್ಲಗಳೆಯುವಂತಿಲ್ಲ. ದಾದಿಯರು, ದೋಣಿಯವರು, ಶಾಲೆಯ ಮೇಷ್ಟರು ರಜೆಯಲ್ಲಿ ನೀರಿಗೆ ಧುಮುಕಿ, ಕಂಡದ್ದನ್ನೆಲ್ಲ ಹಿಡಿದು ತಂದರು. ಹಡಗಿನ ಧಣಿಗಳು ಮಾತ್ರ ಕಂಡಿದ್ದ ಸಮುದ್ರದ ತಳ ತರಗತಿಯ ಗೋಡೆಗೆ ಬಂತು.

ಅದೆಲ್ಲ ನಿಂತಿದ್ದದ್ದು ಆ ಏಳು ಉಂಗುರಗಳ ಮೇಲೆ. ಈ ವಿಭಾಗದಲ್ಲಿ ಆ ಉಂಗುರಗಳು ಮೂವತ್ತೊಂದು ವರ್ಷದಿಂದ ಅಕ್ಕನ ಕೈಯಲ್ಲಿದ್ದವು. ಹಳೆಯದನ್ನು ತೆಗೆದು, ತೋಡನ್ನು ಒರೆಸಿ, ಹೊಸ ಉಂಗುರಕ್ಕೆ ತೆಳ್ಳಗೆ ಗ್ರೀಸು ಸವರಿ ಕೂರಿಸುವುದು. ಒಂದು ಮರಳಿನ ಕಣ, ಒಂದು ದಾರದ ಎಳೆ, ಒಂದು ಕೂದಲು ಉಂಗುರದ ಅಡಿ ಸಿಕ್ಕಿದರೂ ಮುಗಿಯಿತು. ನೀರಿಗೆ ಅಷ್ಟೇ ದಾರಿ ಸಾಕು. ಅದಕ್ಕೆ ಅವಳದೊಂದು ಪದ್ಧತಿ. ಉಂಗುರವನ್ನು ಎರಡು ಬೆರಳಿನ ನಡುವೆ ಸುತ್ತ ಓಡಿಸಿ ನೋಡುವುದು, ಆಮೇಲೆ ಕೆಳದುಟಿಗೆ ತಾಗಿಸಿ ಇನ್ನೊಂದು ಸುತ್ತು. ಬೆರಳಿಗೆ ತಿಳಿಯದ ಎಳೆ ತುಟಿಗೆ ತಿಳಿಯುತ್ತದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎನ್ನುತ್ತೇವಲ್ಲ, ಅವಳು ಅಕ್ಷರಶಃ ಅದೇ ಕೆಲಸ ಮಾಡಿಕೊಂಡು ಬಂದವಳು. ಅವಳು ಮುಚ್ಚಿದ ಕ್ಯಾಮೆರಾದೊಳಕ್ಕೆ ಇದುವರೆಗೆ ಒಂದು ತೊಟ್ಟು ನೀರು ಹೋಗಿರಲಿಲ್ಲ. ಗಂಡ ಬೇಗ ಹೋಗಿ, ಮಕ್ಕಳಿಲ್ಲದೆ ತಂಗಿಯ ಮನೆಯಲ್ಲಿ ಇದ್ದವಳಿಗೆ ತನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಇದೊಂದೇ ಹೆಮ್ಮೆ.

"ಫಿಲ್ಮು ಒಳಗೇ ಇದೆಯಾ?" ಎಂದಳು.

"ಅದಕ್ಕೇ ಓಡಿ ಬಂದಿದ್ದು, ತಾಯಿ. ಕ್ಯಾಮೆರಾ ಹೋದ್ರೆ ಹೋಗ್ಲಿ."

ಅವರು ವಿಜ್ಞಾನದ ಮೇಷ್ಟರು. ನಿವೃತ್ತಿಯಾಗಿ ನಾಲ್ಕು ವರ್ಷವಾಗಿತ್ತು. ರಜೆ ಬಂದರೆ ಸಮುದ್ರಕ್ಕೆ ಹೋಗಿ ಮುಳುಗುವ ಹುಚ್ಚು. ಮಕ್ಕಳು 'ಮುಳುಗು ಮೇಷ್ಟ್ರು' ಎಂದೇ ಹೆಸರಿಟ್ಟಿದ್ದರಂತೆ. ಹೆಂಡತಿಗೆ ಮಾತ್ರ ನೀರೆಂದರೆ ಪ್ರಾಣಭಯ. ಮೂವತ್ತನಾಲ್ಕು ವರ್ಷ ಆಕೆ ದಡದಲ್ಲಿ ಕುರ್ಚಿ ಹಾಕಿಕೊಂಡು, ಸ್ವೆಟರ್ ಹೆಣೆಯುತ್ತ, ಗಂಡನ ತಲೆ ನೀರಿನಿಂದ ಮೇಲೆ ಬರುವುದನ್ನೇ ಕಾಯುತ್ತ ಕೂತವಳು.

"ಈ ವರ್ಷ ಡಾಕ್ಟ್ರು ನನ್ನ ಎದೆ ಪರೀಕ್ಷೆ ಮಾಡಿ, ಇನ್ನು ಮುಳುಗೋದು ಸಾಕು ಅಂದ್ರು. ಕೊನೇದಾಗಿ ಒಂದ್ಸಲ ಅಂತ ಬೇಡ್ಕೊಂಡೆ. ಒಪ್ಪಿದ್ರು. ಮನೇಲಿ ಹೇಳಿದ್ರೆ ಇವಳು 'ನಾನೂ ಬರ್ತೀನಿ' ಅಂದ್ಲು. ದಡಕ್ಕೆ ತಾನೆ ಅಂದೆ. 'ಅಲ್ಲ, ಒಳಗೆ' ಅಂದ್ಲು." ಮೇಷ್ಟರು ಒದ್ದೆ ಟವೆಲ್ಲನ್ನು ಹಿಂಡುತ್ತಲೇ ಇದ್ದರು, ಅದರಲ್ಲಿ ಹಿಂಡಲು ನೀರೇ ಉಳಿದಿರಲಿಲ್ಲ. "ಆರು ತಿಂಗಳಿಂದ ಹೊಲಿಗೆ ಕ್ಲಾಸಿಗೆ ಅಂತ ಸುಳ್ಳು ಹೇಳಿ ಈಜೋದು ಕಲ್ತಿದ್ದಾಳೆ ನೋಡಿ! ಐದೈದು ವರ್ಷದ ಮಕ್ಕಳ ಜೊತೆ, ಹಗ್ಗ ಹಿಡ್ಕೊಂಡು. ಐವತ್ತೆಂಟನೇ ವಯಸ್ಸಲ್ಲಿ!"

ಅಕ್ಕ ಬಕೆಟ್ಟಿನಿಂದ ತಲೆ ಎತ್ತಿದಳು. ತನ್ನದೂ ಅದೇ ವಯಸ್ಸು.

"ಎರಡಾಳು ಆಳ, ಅಷ್ಟೇ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿ, ಕೈ ಹಿಡ್ಕೊಂಡು ಇಳಿಸಿದೆ. ಆ ಮುಳುಗೋ ಕನ್ನಡಕದೊಳಗೆ ಅವಳ ಕಣ್ಣು ಇಷ್ಟಗಲ ಆಗಿತ್ತು. ಹನ್ನೊಂದು ಫೋಟೋ ತೆಗೆದೆ. ಹನ್ನೆರಡನೇದಕ್ಕೆ ನೋಡ್ತೀನಿ, ಕ್ಯಾಮೆರಾದಿಂದ ಗುಳ್ಳೆ ಏಳ್ತಾ ಇದೆ. ಅಲ್ಲಿಗೆ ಮುಗೀತು." ಟವೆಲ್ಲನ್ನು ಮೇಜಿನ ಮೇಲಿಟ್ಟು ಅಂದರು: "ಎಲ್ಲ ನನ್ನ ತಪ್ಪೇ. ಫಿಲ್ಮು ಹಾಕೋವಾಗ ಉಂಗುರ ಸರಿಯಾಗಿ ಒರೆಸಿಲ್ಲ ಅಂತ ಕಾಣುತ್ತೆ. ಇಷ್ಟು ವರ್ಷ ಮೀನಿಗೆ, ಹವಳಕ್ಕೆ ಜೋಪಾನ ಮಾಡಿದೆ. ಅವಳು ಬಂದ ಒಂದೇ ಒಂದು ದಿನ ಮೈಮರೆತೆ."

"ಮೊದಲು ಫಿಲ್ಮು ನೋಡೋಣ ಮೇಷ್ಟ್ರೇ. ಅಳೋದು ಆಮೇಲೆ ಇದ್ದೇ ಇದೆ," ಎಂದು ಗದರಿಸಿ ಅಕ್ಕ ಬಕೆಟ್ ಎತ್ತಿಕೊಂಡು ಕತ್ತಲೆಕೋಣೆಗೆ ಹೋದಳು.

ಫಿಲ್ಮು ತೊಳೆಯುವವನು ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಮಾತಿಗೆ ಮುಂಚೆ ನಿಟ್ಟುಸಿರು ಬಿಡುವ ಆಸಾಮಿ. ಎರಡು ದಿನ ನೆನೆದ ಸುರುಳಿ ಎಂದು ಕೇಳಿದ್ದೇ ಕೈಚೆಲ್ಲಿದ. "ಮೇಲಿನ ಪೊರೆ ಹಿಟ್ಟಿನ ಹಾಗೆ ಆಗಿರುತ್ತೆ ಅಕ್ಕ. ಸುತ್ತಿಗೆ ಸುತ್ತು ಅಂಟ್ಕೊಂಡಿರುತ್ತೆ. ಎಳೆದ್ರೆ ಬರೋದು ಚಿತ್ರ ಅಲ್ಲ, ಅಂಟು."

"ಎಳೀಬೇಡ. ನಾನು ಬಿಡಿಸ್ತೀನಿ, ನೀನು ತೊಳೆಯೋ ಔಷಧಿ ತಣ್ಣಗೆ ಮಾಡಿಡು."

"ಕಣ್ಣಿಗೆ ಏನೂ ಕಾಣಲ್ಲವಲ್ಲ ಇಲ್ಲಿ."

"ಕಣ್ಣು ಯಾರಿಗೆ ಬೇಕು?"

ತಮಾಷೆಗೆ ಅಂದದ್ದೇ, ಆದರೆ ಅಂದ ಮೇಲೆ ಅವಳಿಗೆ ಚುರುಕ್ಕೆಂದಿತು. ಎರಡು ವರ್ಷದಿಂದ ಅವಳ ಬಲಗಣ್ಣಿಗೆ ಮಂಜು ಕವಿಯುತ್ತಿತ್ತು, ಈಚೆಗೆ ಎಡಗಣ್ಣಿಗೂ. ಮೇಜಿನ ದೀಪವನ್ನು ದಿನದಿನಕ್ಕೆ ಹತ್ತಿರ ಎಳೆದುಕೊಂಡಿದ್ದು ಬಿಟ್ಟರೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಕಣ್ಣು ಹೋಗುತ್ತಿದೆ ಎಂದರೆ ಉಂಗುರ ಕೈಬಿಟ್ಟು ಹೋಗುತ್ತದೆ ಎಂಬ ಹೆದರಿಕೆ.

ದೀಪ ಆರಿಸಿದ ಮೇಲೆ ಇಬ್ಬರೂ ಸಮ. ಅವಳು ಬಕೆಟ್ಟಿನ ನೀರಿನೊಳಗೇ ಕ್ಯಾಮೆರಾ ತೆರೆದಳು. ಅಭ್ಯಾಸಬಲದಿಂದ ಮೊದಲು ಬೆರಳು ಹೋದದ್ದು ದೊಡ್ಡ ಉಂಗುರದ ಮೇಲೆ. ಫಿಲ್ಮು ಹಾಕುವಾಗ ಗಿರಾಕಿ ಒರೆಸಬೇಕಾದದ್ದು ಅದೊಂದೇ. ಸುತ್ತ ಓಡಿಸಿದಳು, ತುಟಿಗೆ ತಾಗಿಸಿದಳು. ನುಣ್ಣಗಿತ್ತು. ಒಂದು ಕಣವಿಲ್ಲ, ಒಂದು ಎಳೆಯಿಲ್ಲ. ಮೇಷ್ಟರು ಮಗುವಿಗೆ ಮುಖ ಒರೆಸಿದಷ್ಟು ಜೋಪಾನವಾಗಿ ಒರೆಸಿದ್ದರು. ಹಾಗಾದರೆ ನೀರು ಎಲ್ಲಿಂದ ಬಂತು ಎಂಬ ಯೋಚನೆಯನ್ನು ಅವಳು ಆಗ ಬದಿಗಿಟ್ಟಳು.

ಸುರುಳಿ ನಿಜಕ್ಕೂ ಅಂಟಿಕೊಂಡಿತ್ತು. ಅವಳು ಎಳೆಯಲಿಲ್ಲ, ಉಗುರು ತಾಗಿಸಲಿಲ್ಲ. ಎರಡು ಸುತ್ತಿನ ನಡುವೆ ಬೆರಳ ತುದಿಯಿಂದ ನೀರನ್ನು ಮೆಲ್ಲಗೆ ತಳ್ಳಿದಳು, ನೀರೇ ಒಳಗೆ ಹೋಗಿ ಬಿಡಿಸಲಿ ಎಂದು ಕಾದಳು, ಮತ್ತೆ ತಳ್ಳಿದಳು. ಒಂದು ಗಂಟೆಯ ಮೇಲೆ ಹಿಡಿಯಿತು. ತೊಳೆಯುವವನು ನಿಟ್ಟುಸಿರು ಬಿಡುವುದನ್ನೂ ಮರೆತು ಉಸಿರು ಬಿಗಿಹಿಡಿದು ನಿಂತಿದ್ದ. ಕೊನೆಯ ಸುತ್ತು ಬಿಟ್ಟುಕೊಂಡಾಗ ಕತ್ತಲಲ್ಲೇ "ಅಬ್ಬಾ, ನಿನ್ನ ಕೈಯೇ!" ಎಂದ.

ಹನ್ನೊಂದರಲ್ಲಿ ನಾಲ್ಕು ಉಳಿದವು. ಮಿಕ್ಕ ಏಳನ್ನು ಉಪ್ಪು ತಿಂದು ತೇಗಿತ್ತು. ಅಂಚಿನಲ್ಲಿ ಕಲೆ, ನಡುವೆ ಗೀರು ಇದ್ದರೂ ನಾಲ್ಕರಲ್ಲೂ ಒಬ್ಬ ಹೆಂಗಸು ಸ್ಪಷ್ಟವಾಗಿ ಇದ್ದಳು. ತೊಳೆಯುವವನು ಫಿಲ್ಮನ್ನು ಕ್ಲಿಪ್ಪಿಗೆ ಸಿಕ್ಕಿಸಿ ಒಣಗಲು ಬಿಟ್ಟ. ಅಕ್ಕ ಹೊರಗೆ ಬಂದು ಹೇಳಿದಾಗ ಮೇಷ್ಟರು ಎದ್ದು ನಿಂತರು, ಮತ್ತೆ ಕೂತರು, ಮತ್ತೆ ಎದ್ದರು. ಆಮೇಲೆ ಹತ್ತಿರದ ವಸತಿಗೃಹದಲ್ಲಿ ಮೊದಲೇ ಬಂದಿಳಿದಿದ್ದ ಹೆಂಡತಿಗೆ ಕೌಂಟರಿನ ಫೋನಿನಿಂದ ಸುದ್ದಿ ಮುಟ್ಟಿಸಿದರು. ಆಕೆ ರೈಲಿನ ಬೇರೆ ಡಬ್ಬಿಯಲ್ಲಿ ಬಂದಿದ್ದಳಂತೆ. ಬಕೆಟ್ಟಿನ ಪಕ್ಕ ಕೂರಲು ಆಕೆಯೂ ಒಪ್ಪಿರಲಿಲ್ಲ.

ಅಕ್ಕ ತನ್ನ ಮೇಜಿಗೆ ಬಂದು ಖಾಲಿ ಕ್ಯಾಮೆರಾವನ್ನು ದೀಪದ ಕೆಳಗಿಟ್ಟುಕೊಂಡಳು. ಅದರ ಹಳೆಯ ರಿಪೇರಿ ಕಾರ್ಡು ತೆಗೆದು ನೋಡಿದಳು. ಮೂರು ವಾರದ ಹಿಂದೆ ಇದೇ ಕ್ಯಾಮೆರಾ ಅಂಚೆಯಲ್ಲಿ ಬಂದು, ಏಳೂ ಉಂಗುರ ಬದಲಾಗಿ, ಪರೀಕ್ಷೆಯ ತೊಟ್ಟಿಯಲ್ಲಿ ನಲವತ್ತು ಮೀಟರ್ ಆಳದ ಒತ್ತಡ ತಡೆದು ವಾಪಸು ಹೋಗಿತ್ತು. ಕೆಳಗೆ ಅವಳದೇ ಸಹಿ.

ಒಂದೊಂದಾಗಿ ಬಿಚ್ಚಿದಳು. ಮಸೂರದ ಬುಡದ ಉಂಗುರ ಸರಿಯಿತ್ತು. ಗುಂಡಿಯದು ಸರಿಯಿತ್ತು. ಫಿಲ್ಮು ಸುತ್ತುವ ಸನ್ನೆಗೋಲಿನ ಬುಡದಲ್ಲಿ ಒಂದು ಸಣ್ಣ ತಿರುಪು; ಅದರ ತಲೆಯ ಮೇಲೆ ಕೆಂಪು ಅರಗಿನ ಬೊಟ್ಟು, ಬೇರೆ ಯಾರೂ ತೆರೆದಿಲ್ಲ ಎನ್ನುವುದಕ್ಕೆ ಅವಳು ಇಡುವ ಗುರುತು. ಬೊಟ್ಟು ಒಡೆದಿರಲಿಲ್ಲ. ಅದನ್ನು ಕೆರೆದು ತೆಗೆದು ಉಂಗುರ ಎತ್ತಿದಳು. ಬೆರಳಿಗೆ ಏನೂ ತಿಳಿಯಲಿಲ್ಲ. ತುಟಿಗೆ ತಿಳಿಯಿತು.

ಕಪ್ಪು ಕಾಗದದ ಮೇಲೆ ಇಟ್ಟು, ಭೂತಗನ್ನಡಿ ಹಿಡಿದು ನೋಡಿದಳು. ಕಿರುಬೆರಳಿನ ಉದ್ದದ ಬಿಳಿ ಕೂದಲು.

ಅವಳ ಕೈ ತಾನಾಗಿ ತಲೆಯ ಟೋಪಿಗೆ ಹೋಯಿತು. ಕಪ್ಪು ಕೂದಲಾಗಿದ್ದರೆ ಬೆಳ್ಳನೆಯ ಗ್ರೀಸಿನಲ್ಲಿ ಈ ಕಣ್ಣಿಗೂ ಕಾಣುತ್ತಿತ್ತು. ಬಿಳಿಯದು ಗ್ರೀಸಿನಲ್ಲಿ ಕರಗಿಹೋಗಿತ್ತು. ತುಟಿಗೆ ಯಾಕೆ ಆವತ್ತು ತಿಳಿಯಲಿಲ್ಲ? ಆ ವಾರ ಅವಳಿಗೆ ಜ್ವರ ಬಂದು ತುಟಿ ಒಡೆದಿತ್ತು. ರಜಾ ಹಾಕು ಎಂದು ತಂಗಿ ಬೈದರೂ ಕೇಳದೆ ಬಂದಿದ್ದಳು. ತೊಟ್ಟಿಯ ಪರೀಕ್ಷೆಯಲ್ಲೂ ಸಿಕ್ಕಿಬೀಳಲಿಲ್ಲ, ಯಾಕೆಂದರೆ ಆಳಕ್ಕೆ ಹೋದಷ್ಟೂ ನೀರೇ ಉಂಗುರವನ್ನು ಅದುಮಿ ಕೂರಿಸುತ್ತದೆ. ಎರಡಾಳು ಆಳದಲ್ಲಿ ಅದುಮುವವರಿಲ್ಲ. ಉಂಗುರ ಸಡಿಲವಾಗಿ ಕೂತು, ಕೂದಲಿನ ಪಕ್ಕ ನೀರಿಗೆ ದಾರಿ ಬಿಟ್ಟಿತ್ತು. ಮೇಷ್ಟರು ಒಬ್ಬರೇ ಆಳಕ್ಕೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಹೋದದ್ದಕ್ಕೇ ಆಯಿತು.

"ಏನಾಯ್ತು ಅಕ್ಕ?" ವಿಭಾಗದ ಮುಖ್ಯಸ್ಥ ಹಿಂದಿನಿಂದ ಬಂದು ನಿಂತಿದ್ದ. ಹದಿನೆಂಟು ವರ್ಷದ ಹಿಂದೆ ಅವಳ ಕೈಕೆಳಗೆ ಉಂಗುರ ಹಾಕಲು ಕಲಿತು, ಈಗ ಅವಳಿಗೇ ಸಾಹೇಬನಾದವನು. ಅವಳು 'ಮರಿ ಸಾಹೇಬ' ಎಂದು ರೇಗಿಸುತ್ತಿದ್ದಳು. ಇವತ್ತು ರೇಗಿಸಲಿಲ್ಲ, ಕಾಗದವನ್ನು ಅವನ ಕಡೆ ತಳ್ಳಿದಳು.

ಅವನು ನೋಡಿದ, ಅರಗಿನ ಚೂರು ನೋಡಿದ, ಅವಳ ಟೋಪಿಯ ಅಂಚಿನಿಂದ ಇಣುಕುತ್ತಿದ್ದ ನರೆಗೂದಲು ನೋಡಿದ. ಕುರ್ಚಿ ಎಳೆದುಕೊಂಡು ಹತ್ತಿರ ಕೂತು ದನಿ ತಗ್ಗಿಸಿದ.

"ಮೇಷ್ಟ್ರು ತಮ್ಮದೇ ತಪ್ಪು ಅಂತ ಹೇಳ್ತಾ ಇದ್ದಾರೆ ತಾನೆ?"

"ಹ್ಞೂಂ."

"ಫಿಲ್ಮು ಉಳೀತು. ಕ್ಯಾಮೆರಾನ ನಾವು ಹೊಸದರ ಹಾಗೆ ಮಾಡಿ ಕೊಡೋಣ. ರಿಪೇರಿ ಪುಸ್ತಕದಲ್ಲಿ 'ಕಾರಣ ತಿಳಿಯಲಿಲ್ಲ' ಅಂತ ಬರೀರಿ. ನಿಮಗೆ ನಿವೃತ್ತಿಗೆ ಇನ್ನು ಎರಡೇ ತಿಂಗಳು ಇದೆ ಅಕ್ಕ. ಮೂವತ್ತೊಂದು ವರ್ಷ ಒಂದು ಕಪ್ಪುಚುಕ್ಕೆ ಇಲ್ಲ. ಇದನ್ನ ಯಾಕೆ ಮೈಮೇಲೆ ಎಳ್ಕೊಳ್ತೀರಿ?"

ಅವನು ಪ್ರೀತಿಯಿಂದಲೇ ಹೇಳಿದ, ಅದು ಅವಳಿಗೆ ಗೊತ್ತು. ಅವಳಿಗೂ ಅದೇ ಬೇಕಾಗಿತ್ತು ಎಂಬುದೂ ಗೊತ್ತು. ಒಂದು ಉಸಿರು ಊದಿದರೆ ಸಾಕು, ಆ ಕೂದಲು ನೆಲದ ಮೇಲಿನ ಕಸದಲ್ಲಿ ಕಸವಾಗುತ್ತಿತ್ತು. ಅವಳು ತುಟಿ ಮುಂದೆ ಮಾಡಿಯೂ ಮಾಡಿದಳು. ಆಗ ಗಾಜಿನ ಆಚೆ ಮೇಷ್ಟರ ಹೆಂಡತಿ ಬಂದದ್ದು ಕಂಡಿತು.

ಕುಳ್ಳಗೆ, ದುಂಡಗೆ, ಕತ್ತರಿಸಿದ ಕೂದಲಿಗೆ ಕಡುಗಪ್ಪು ಬಣ್ಣ ಹಾಕಿದ ಹೆಂಗಸು. ಚೀಲವನ್ನು ಗಂಡನ ಕೈಗೆ ಕೊಟ್ಟು, ಕೌಂಟರಿನ ಮೇಲೆ ತೊಳೆಯುವವನು ತಂದಿಟ್ಟ ನಾಲ್ಕು ಒದ್ದೆ ಪ್ರಿಂಟುಗಳ ಮೇಲೆ ಬಗ್ಗಿದಳು. "ಅಯ್ಯೋ, ಇದೇನ್ರೀ! ಹೆದರಿದ ಬೆಕ್ಕಿನ ಹಾಗಿದ್ದೀನಲ್ಲ!" ಎಂದು ಎಲ್ಲರಿಗೂ ಕೇಳುವಂತೆ ನಕ್ಕಳು. ಮೇಷ್ಟರು ನಗಲಿಲ್ಲ. ಜೊತೆಗೆ ತಂದಿಟ್ಟಿದ್ದ ಫಿಲ್ಮಿನಲ್ಲಿ ಖಾಲಿ ಬಂದ ಏಳು ಚೌಕಗಳನ್ನೇ ನೋಡುತ್ತ, "ಕ್ಷಮಿಸು. ನನ್ನಿಂದ ಹೀಗಾಯ್ತು," ಎಂದರು. ಎರಡು ದಿನದಲ್ಲಿ ಎಷ್ಟನೆಯ ಸಲವೋ ಏನೋ; ಆ ಮಾತು ಅವರ ಬಾಯಲ್ಲಿ ಸವೆದುಹೋದ ಹಾಗೆ ಕೇಳಿಸಿತು.

ಅಕ್ಕ ಕಪ್ಪು ಕಾಗದವನ್ನು ಎರಡು ಕೈಯಲ್ಲಿ ಹಿಡಿದು ಎದ್ದಳು. ಮರಿ ಸಾಹೇಬ "ಅಕ್ಕ…" ಎಂದದ್ದು ಕೇಳಿಸಲಿಲ್ಲ ಎಂಬಂತೆ ಕೌಂಟರಿಗೆ ಹೋದಳು.

"ಮೇಷ್ಟ್ರೇ, ನಿಮ್ಮ ಉಂಗುರ ಚೊಕ್ಕವಾಗಿತ್ತು. ನಾನು ಕತ್ತಲಲ್ಲಿ ಮುಟ್ಟಿ ನೋಡಿದ್ದೀನಿ, ಅಷ್ಟು ಚೊಕ್ಕವಾಗಿ ನಾನೂ ಒರೆಸಲ್ಲ. ನೀರು ಹೊಕ್ಕಿದ್ದು ಇಲ್ಲಿಂದ." ಕಾಗದವನ್ನು ಮೇಜಿನ ಮೇಲಿಟ್ಟಳು. "ಇದು ನಿಮ್ಮ ಕೂದಲಲ್ಲ ಅಂತ ಹೇಳೋಕೆ ಸಾಕ್ಷಿ ಬೇಡ. ಇವರದೂ ಅಲ್ಲ, ಇವರದು ಕಪ್ಪು. ಈ ತಿರುಪು ಬಿಚ್ಚೋಳು ನಾನೊಬ್ಬಳೇ. ಇದು ನನ್ನ ತಲೆಯದು. ಕಣ್ಣು ಮಂಜಾಗಿದೆ ನನಗೆ, ಯಾರಿಗೂ ಹೇಳಿರಲಿಲ್ಲ. ಹೇಳಿದ್ರೆ ಕೆಲಸ ಬಿಡಿಸ್ತಾರೆ ಅಂತ ಮುಚ್ಚಿಟ್ಟೆ. ನೀವು ಅದಕ್ಕೆ ತೆತ್ತಿರಿ."

ಅಕ್ಕ ಕೈಕಟ್ಟಿ ನಿಂತಳು. ಅವರು ಕೂಗಾಡಲಿ ಎಂದು ಕಾದಳು, ಕೂಗಾಡಿದರೆ ಹಗುರಾಗುತ್ತಿತ್ತು.

ಮೇಷ್ಟರು ಅವಳ ಕಡೆ ನೋಡಲೇ ಇಲ್ಲ. ಹೆಂಡತಿಯ ಕಡೆ ತಿರುಗಿ, ಸಣ್ಣ ದನಿಯಲ್ಲಿ, "ಅಂದ್ರೆ… ನನ್ನಿಂದಲ್ಲ?" ಎಂದರು.

"ನಿಮ್ಮಿಂದಲ್ಲ."

"ನಾನು ಒರೆಸಿದ್ದೆ."

"ಒರೆಸಿದ್ರಿ ಕಣ್ರೀ. ನಾನು ಪಕ್ಕದಲ್ಲೇ ಇದ್ದೆ, ಹತ್ತು ನಿಮಿಷ ಒರೆಸಿದ್ರಿ. ಹೇಳಿದೆ, ಕೇಳಲಿಲ್ಲ ನೀವು."

ಅರವತ್ತು ದಾಟಿದ ಮನುಷ್ಯ ಚೀಲವನ್ನು ಎದೆಗೆ ಅವುಚಿಕೊಂಡು ಅತ್ತುಬಿಟ್ಟರು. ಕಾವಲುಗಾರ ಬಾಗಿಲ ಕಡೆ ಮುಖ ಮಾಡಿದ. ಹೆಂಡತಿ ಅವರ ಬೋಳುತಲೆಯ ಮೇಲೆ ಕೈಯಿಟ್ಟು, ಸುಮ್ಮನೆ ಇಟ್ಟುಕೊಂಡೇ ಇದ್ದಳು. ತಪ್ಪು ಮಾಡಿಲ್ಲ ಎಂದು ತಿಳಿದ ಮೇಲೆ ಇಷ್ಟು ಅಳುವವರು, ಮಾಡಿದ್ದೇನೆ ಎಂದುಕೊಂಡು ಎಷ್ಟು ಹೊತ್ತುಕೊಂಡಿದ್ದರೋ ಎಂದು ಅಕ್ಕನಿಗೆ ಅನ್ನಿಸಿತು. ಆ ಕೂದಲನ್ನು ಊದಿಬಿಡಲು ಹೊರಟಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಅವಳು ರಿಪೇರಿ ಪುಸ್ತಕ ತರಿಸಿ, ನಿಂತೇ ಬರೆದಳು. 'ದೋಷದ ಕಾರಣ' ಎಂಬ ಅಂಕಣದಲ್ಲಿ: "ಸನ್ನೆಗೋಲಿನ ಉಂಗುರದ ಅಡಿ ನನ್ನ ಕೂದಲು. ನನ್ನ ತಪ್ಪು." ಸಹಿ ಹಾಕಿ, ಮರಿ ಸಾಹೇಬನಿಗೆ ಹೇಳಿದಳು: "ಇನ್ನು ಎರಡು ತಿಂಗಳು ನಾನು ಉಂಗುರ ಮುಟ್ಟಲ್ಲ. ಹೊಸಬರಿಗೆ ಕಲಿಸ್ತೀನಿ, ಅಷ್ಟೇ." ಅವನು ಆಗಲಿ ಎಂಬಂತೆ ತಲೆಯಾಡಿಸಿದ. ಅವನ ಕಣ್ಣೂ ಮಂಜಾಗಿತ್ತು.

"ಪಕ್ಕದಲ್ಲಿ ಖಾಲಿ ಇದೆಯಲ್ಲ, ಅದೇನು?" ಮೇಷ್ಟರ ಹೆಂಡತಿ ಪುಸ್ತಕದ ಮೇಲೆ ಬಗ್ಗಿದಳು.

"ಅದು ಗಿರಾಕಿಯ ದೂರು ಬರೆಯೋ ಜಾಗ," ಎಂದಳು ಅಕ್ಕ. "ಬರೀರಿ ತಂಗಿ. ಏನು ಬರೆದ್ರೂ ಸರಿ."

ಆಕೆ ಪೆನ್ನು ತೆಗೆದುಕೊಂಡಳು, ಆದರೆ ತಕ್ಷಣ ಬರೆಯಲಿಲ್ಲ. "ಅಕ್ಕ, ಒಂದು ಮಾತು ಹೇಳ್ತೀನಿ. ಇವರಿಗೆ ಎರಡು ದಿನದಿಂದ ಹೇಳಬೇಕು ಅಂತಿದ್ದೆ, ಬಕೆಟ್ ಬಿಟ್ಟು ಏಳಲೇ ಇಲ್ಲ. ಆ ಹನ್ನೊಂದು ಫೋಟೋ ತೆಗೆಯೋವಾಗ ನೀರಲ್ಲಿ ನನಗೆ ಕಂಡಿದ್ದು ಇವರ ಮುಖ ಅಲ್ಲ, ಕ್ಯಾಮೆರಾ. ಹೀಗೆ ತಿರುಗು, ಹಾಗೆ ತಿರುಗು ಅಂತ ಕೈಸನ್ನೆ. ಗುಳ್ಳೆ ಎದ್ದಿದ್ದೇ ಇವರು ಮೇಲೆ ಹೋಗೋಣ ಅಂತ ಸನ್ನೆ ಮಾಡಿದ್ರು. ನಾನು ಇವರ ಕೈ ಬಿಡಲಿಲ್ಲ. ಆಗ ಕ್ಯಾಮೆರಾನ ಪಟ್ಟಿಯಲ್ಲಿ ನೇತುಹಾಕ್ಕೊಂಡು, ಎರಡೂ ಕೈಲಿ ನನ್ನ ಕೈ ಹಿಡಿದು, ಒಂದೊಂದೇ ತೋರಿಸಿದ್ರು. ಹವಳ, ಹುಲ್ಲು, ಕಲ್ಲಿನ ಸಂದಿಯಲ್ಲಿ ಒಂದು ಪುಟ್ಟ ಏಡಿ. ತೋರಿಸಿ, ನಾನು ನೋಡಿದೆನಾ ಅಂತ ನನ್ನ ಮುಖ ನೋಡೋರು."

ಮೇಷ್ಟರು ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿ ಹೆಂಡತಿಯನ್ನೇ ನೋಡುತ್ತಿದ್ದರು. ಆಕೆ ಬಗ್ಗಿ, ಶಾಲೆಯ ಮಕ್ಕಳ ಹಾಗೆ ನಾಲಿಗೆ ತುದಿ ಕಚ್ಚಿಕೊಂಡು, ದುಂಡಗಿನ ಅಕ್ಷರದಲ್ಲಿ ಬರೆದು, ಪುಸ್ತಕವನ್ನು ಅಕ್ಕನ ಕಡೆ ತಿರುಗಿಸಿದಳು.

ಅಕ್ಕನಿಗೆ ಓದಲು ಆಗಲಿಲ್ಲ; ಕಣ್ಣಿನ ಮಂಜಿನ ಜೊತೆಗೆ ಈಗ ನೀರು ಬೇರೆ. ಮರಿ ಸಾಹೇಬ ಪುಸ್ತಕ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ ಓದಿದ.

"ನೀರು ಹೊಕ್ಕ ಮೇಲೆ ಹದಿನೈದು ನಿಮಿಷ ಕೆಳಗೇ ಇದ್ದೆವು. ಬಹಳ ಚೆನ್ನಾಗಿತ್ತು."